ರಾತ್ರಿ ಫೋನ್ ಎತ್ತುವವರು ಯಾರು?

ಮಗಳೇ, ನೀನೂ ನಿನ್ನ ಗೆಳೆಯರೂ ಸೇರಿ ನವಿ ಮುಂಬಯಿಯ ಕೋಪರಖೈರಣೆಯಲ್ಲಿ ಗುಣವಾಗದ ರೋಗಿಗಳ ನೋವು ತಗ್ಗಿಸುವ ಉಪಶಾಮಕ ಆರೈಕೆಯ ಕೆಲಸ ಆರಂಭಿಸುತ್ತೀರಿ ಎಂದು ಕೇಳಿ ಬಹಳ ಸಂತೋಷವಾಯಿತು. ಜಾಗ ನೋಡುತ್ತಿದ್ದೀರಂತೆ. ಹತ್ತು ಹಾಸಿಗೆಗೆ ಎಷ್ಟು ಖರ್ಚು ಎಂಬ ಲೆಕ್ಕವೂ ಆಗಿದೆಯಂತೆ. ಅದನ್ನು ಸದ್ಯಕ್ಕೆ ಬದಿಗಿಟ್ಟು ಒಂದು ಹಾಳೆ ತಗೊಂಡು ವಾರದ ಏಳು ರಾತ್ರಿಗಳನ್ನು ಬರೆ. ಕ್ಯಾನ್ಸರ್ ಆದ ತಂದೆಗೆ ನಡುರಾತ್ರಿ ನೋವು ಕೆರಳಿದೆ, ಮಗ ಗಾಬರಿಯಾಗಿ ಫೋನ್ ಮಾಡುತ್ತಾನೆ. ಆ ಫೋನ್ ಎತ್ತುವವರು ಯಾರು? ಏಳು ರಾತ್ರಿಗೂ ಒಂದೊಂದು ಹೆಸರು ಬರೆಯಲು ಸಾಧ್ಯವಾದ ದಿನ ನಿಮ್ಮ ಕೆಲಸ ಶುರುವಾಯಿತು ಅಂದುಕೋ. ಅಲ್ಲಿಯವರೆಗೆ ಹಾಸಿಗೆಯ ಯೋಚನೆ ಬೇಡ.

ಬೆಂಗಳೂರಿನ ಕರುಣಾಶ್ರಯವನ್ನೇ ನೋಡು. ಇಂಥದೇ ಆರೈಕೆಯ ಆ ಸಂಸ್ಥೆಯ ಟ್ರಸ್ಟ್ ಹುಟ್ಟಿದ್ದು 1994ರಲ್ಲಿ. ಮರುವರ್ಷವೇ ಅವರ ತಂಡ ರೋಗಿಗಳ ಮನೆಬಾಗಿಲಿಗೆ ಹೋಗತೊಡಗಿತು. ರೋಗಿಗಳನ್ನು ಇರಿಸಿಕೊಳ್ಳುವ ಕಟ್ಟಡ ತೆರೆದದ್ದು 1999ರಲ್ಲಿ. ಅಷ್ಟು ವರ್ಷ ಮನೆಮನೆ ಸುತ್ತಿದವರಿಗೆ ಎಂಥ ಕಟ್ಟಡ ಬೇಕೆಂಬುದು ಗೊತ್ತಿರುತ್ತದೆ. ಕೇರಳದಲ್ಲೂ 1993ರಲ್ಲಿ ಕೋಯಿಕ್ಕೋಡಿನಲ್ಲಿ ಆರಂಭವಾದದ್ದು ಒಂದು ಸಣ್ಣ ನೋವು ಚಿಕಿತ್ಸಾಲಯ. ಆಮೇಲೆ ಮಲಪ್ಪುರಂ ಕಡೆಯ ನೆರೆಹೊರೆಯವರು ತರಬೇತಿ ಪಡೆದು ತಮ್ಮ ತಮ್ಮ ಊರಿನ ರೋಗಿಗಳ ಹೊಣೆ ಹೊತ್ತರು. ಅಲ್ಲಿನ ಸರ್ಕಾರ ಉಪಶಾಮಕ ಆರೈಕೆಯ ನೀತಿ ಪ್ರಕಟಿಸಿದ್ದು 2008ರಲ್ಲಿ. ಇತ್ತ ಮುಂಬಯಿಯಲ್ಲಿ, ಮನೆಯಲ್ಲಿ ನೋಡಿಕೊಳ್ಳಲಾಗದವರಿಗೆ ಬಾಂದ್ರಾದಲ್ಲಿ 1986ರಿಂದ ಶಾಂತಿ ಆವೇದನಾ ಸದನ ಇದೆ. ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆ, ಖಾರ್ಘರ್‌ನ ಅದರ ಕೇಂದ್ರ, ಇವೆರಡರ ಉಪಶಾಮಕ ವಿಭಾಗಗಳಿಗೆ ಖುದ್ದಾಗಿ ಹೋಗಿ ಪರಿಚಯ ಮಾಡಿಕೊಂಡು ಬಾ. ಅಲ್ಲಿಂದ ಮನೆಗೆ ಬಂದ ರೋಗಿ ನಿಮ್ಮ ಕೈ ಸೇರಬೇಕು.

ಇನ್ನು ಎಷ್ಟು ಮನೆ ಎಂಬ ಮಾತು. ದಾರಿಯ ಹೊತ್ತೂ ಸೇರಿದರೆ ಒಬ್ಬ ನರ್ಸ್ ದಿನಕ್ಕೆ ನಾಲ್ಕೈದು ಮನೆ ಸಾವಧಾನವಾಗಿ ನೋಡಿದರೆ ಅದೇ ಹೆಚ್ಚು. ಗಾಯ ತೊಳೆದು ಪಟ್ಟಿ ಕಟ್ಟಬೇಕು, ಹೆಂಡತಿಗೆ ಮಗ್ಗುಲು ತಿರುಗಿಸುವುದನ್ನು ಕಲಿಸಬೇಕು, ಅವಳು ಅತ್ತರೆ ಕೂತು ಕೇಳಬೇಕು. ಹಾಗಾಗಿ ಮೊದಲ ವರ್ಷ ಕೋಪರಖೈರಣೆ, ಘನ್ಸೋಲಿ, ವಾಶಿ ಇಷ್ಟೇ ಸಾಕು. ಕಲ್ಯಾಣದಿಂದ, ಡೊಂಬಿವಲಿಯಿಂದ ಬಳಗದವರೇ ಕರೆದರೂ ಬೇರೆ ದಾರಿ ತೋರಿಸು, ಒಪ್ಪಿಕೊಳ್ಳಬೇಡ. ಒಪ್ಪಿಕೊಂಡ ಮನೆಯನ್ನು ನಡುವೆ ಕೈಬಿಡುವುದು ಮೊದಲೇ ಇಲ್ಲ ಎನ್ನುವುದಕ್ಕಿಂತ ದೊಡ್ಡ ಅನ್ಯಾಯ. ರೋಗಿಯನ್ನು ಕೆಳಗಿಳಿಸುವ ದಾರಿಯನ್ನೂ ಯೋಚಿಸು. ನವಿ ಮುಂಬಯಿ ಕಟ್ಟಿದ ಸಿಡ್ಕೋ ಸಂಸ್ಥೆಯ ಸಣ್ಣ ರೋಹೌಸ್‌ಗಳ ಮೇಲೆ ಮಹಡಿ ಏರಿಸಿಕೊಂಡಿದ್ದಾರಲ್ಲ, ಆ ಕಡಿದಾದ ಮೆಟ್ಟಿಲಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ. ಹೊತ್ತು ಇಳಿಸಲು ಗಟ್ಟಿ ಕುರ್ಚಿ ಬೇಕು, ಹೊರಲು ಆ ಗಲ್ಲಿಯದೇ ನಾಲ್ಕು ಜನ ಬೇಕು. ಹೊರೆ ಹೊರುವ ಮಾಥಾಡಿ ಕಾರ್ಮಿಕರ ಮನೆಗಳಿರುವ ಊರು ಕೋಪರಖೈರಣೆ. ಕೇಳಿದರೆ ಹೆಗಲು ಕೊಡುತ್ತಾರೆ.

ಮಾರ್ಫಿನ್ ವಿಷಯ ಎಲ್ಲಕ್ಕಿಂತ ಮೊದಲು ನೋಡು. ಅದಿಲ್ಲದ ಉಪಶಾಮಕ ಆರೈಕೆ ಬರೀ ಸಾಂತ್ವನದ ಮಾತಾಗುತ್ತದೆ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ನಮ್ಮಲ್ಲಿ ಎಷ್ಟೋ ಜನ ನರಳಿಯೇ ಹೋದರು. 2014ರ ತಿದ್ದುಪಡಿಯ ನಂತರ ಹಾದಿ ಸುಗಮವಾಗಿದೆ. ನೋವು ಚಿಕಿತ್ಸೆಯಲ್ಲಿ ತರಬೇತಿಯಾದ ವೈದ್ಯರು ಇರುವ ಸಂಸ್ಥೆಗೆ ಮಾರ್ಫಿನ್ ಇಟ್ಟುಕೊಳ್ಳಲು ರಾಜ್ಯದ ಔಷಧ ನಿಯಂತ್ರಕರು ಮಾನ್ಯತೆ ಕೊಡುತ್ತಾರೆ. ಬೀಗದ ಕಪಾಟು, ಮಾತ್ರೆ ಮಾತ್ರೆಗೂ ಲೆಕ್ಕ ಬರೆಯುವ ರಿಜಿಸ್ಟರ್, ಅದಕ್ಕೆ ಹೊಣೆಯಾದ ಒಬ್ಬರು, ಇಷ್ಟನ್ನು ಈಗಲೇ ಗೊತ್ತುಮಾಡು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪ್ರಭಾವ ನಾಲ್ಕು ತಾಸು. ನೋವು ಬಂದಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು. ಮಲಬದ್ಧತೆ ಆಗಿಯೇ ಆಗುತ್ತದೆ, ಆದ್ದರಿಂದ ಮಲ ಸಡಿಲಿಸುವ ಔಷಧವನ್ನೂ ಜೊತೆಗೇ ಬರೆಸು. ‘ಇದು ಕೊಟ್ಟರೆ ಅಪ್ಪ ಬೇಗ ಹೋಗಿಬಿಡ್ತಾರಾ?’ ಎಂದು ಪ್ರತಿ ಮನೆಯಲ್ಲೂ ಕೇಳುತ್ತಾರೆ. ಇಲ್ಲ, ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅವರು ನಿದ್ದೆ ಮಾಡುತ್ತಾರೆ, ಎರಡು ತುತ್ತು ಉಣ್ಣುತ್ತಾರೆ ಎಂದು ಎಷ್ಟು ಸಲ ಕೇಳಿದರೂ ಬೇಸರವಿಲ್ಲದೆ ಹೇಳು. ಅವರದೇ ಭಾಷೆಯಲ್ಲಿ ಹೇಳು. ಮರಾಠಿಯಲ್ಲಿ ಬಾಳಿದವರೂ ಸಂಕಟದಲ್ಲಿ ತಾಯಿನುಡಿಗೆ ಮರಳುತ್ತಾರೆ. ಕನ್ನಡ, ತುಳು ಬಲ್ಲ ಸ್ವಯಂಸೇವಕರ ಪಟ್ಟಿ ಇಟ್ಟುಕೋ.

ನಮ್ಮ ಮುಂಬಯಿ ಕನ್ನಡಿಗರ ಒಂದು ವಿಷಯ ಯಾವ ತರಬೇತಿ ಪುಸ್ತಕದಲ್ಲೂ ಸಿಗಲಾರದು. ಕೊನೆಗಾಲದಲ್ಲಿ ‘ನನ್ನನ್ನು ಊರಿಗೆ ಕರಕೊಂಡು ಹೋಗಿ’ ಅನ್ನುತ್ತಾರೆ. ಬೇಡ ಎನ್ನಬೇಡ. ಆದರೆ ರೋಗಿ ಇನ್ನೂ ಕೂತು ಪ್ರಯಾಣ ಮಾಡಬಲ್ಲ ಹೊತ್ತಿನಲ್ಲೇ, ಮೊದಲ ಭೇಟಿಗಳಲ್ಲೇ, ಆ ಆಸೆ ಇದೆಯೇ ಎಂದು ಕೇಳಿಬಿಡು. ಹೋಗುವವರ ಕೈಗೆ ಕಾಯಿಲೆಯ ಸ್ಥಿತಿ, ಔಷಧದ ಪ್ರಮಾಣ ಬರೆದ ವೈದ್ಯರ ಪತ್ರ, ದಾರಿಗೂ ಅಲ್ಲಿ ಮೊದಲ ದಿನಗಳಿಗೂ ಸಾಲುವಷ್ಟು ಮಾತ್ರೆ ಕೊಡಿಸು. ಊರಲ್ಲಿ ಯಾರನ್ನು ಕಾಣಬೇಕೆಂದೂ ಮೊದಲೇ ವಿಚಾರಿಸು. ಉಡುಪಿ ಕಡೆಯವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಪಶಾಮಕ ವಿಭಾಗವಿದೆ, ಕಲಬುರಗಿಯವರಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಇದೆ. ಮಾರ್ಫಿನ್ ಅಲ್ಲಿ ಸಿಗುತ್ತದೆಯೇ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಬೇಕು.

ಮನೆಯಲ್ಲೇ ಪ್ರಾಣ ಹೋದರೆ ಸಾವಿನ ಕಾರಣ ಬರೆದುಕೊಡುವ ವೈದ್ಯರು ಬೇಕು. ಅದಕ್ಕೆ ಇರುವುದು 4ಎ ನಮೂನೆ. ನೋಂದಣಿಗೆ 21 ದಿನದ ಅವಧಿ ಇದೆ, ಆದರೆ ಸ್ಮಶಾನದಲ್ಲಿ ಕಾಗದ ಅಂದೇ ಕೇಳುತ್ತಾರೆ. ಆ ಹೊತ್ತಿನಲ್ಲಿ ಮನೆಯವರು ವೈದ್ಯರನ್ನು ಹುಡುಕಿ ಅಲೆಯುವಂತಾಗಬಾರದು. ಹದಿಮೂರರ ಕಾರ್ಯ ಕಳೆದಮೇಲೆ ಒಮ್ಮೆ ಹೋಗಿ ಕೂತು ಬನ್ನಿ. ಕೆಲಸ ಮಾಡುವವರನ್ನೂ ಮರೆಯಬೇಡ. ನರ್ಸ್‌ಗೆ ವಾರದ ರಜೆ ತಪ್ಪಿಸಬೇಡ. ಸಂಬಳ ತಿಂಗಳ ಮೊದಲ ದಿನ ಕೊಡು. ದಾನಿಗಳು ಹಾಸಿಗೆಗೆ ಹೆಸರು ಹಾಕಿಸಲು ಮುಂದೆ ಬರುತ್ತಾರೆ, ಸಂಬಳಕ್ಕೂ ಅವರಲ್ಲೇ ನಾಚದೆ ಕೇಳು.

ಔಷಧ ನಿಯಂತ್ರಕರಿಗೆ ಅರ್ಜಿ ಈ ವಾರವೇ ಹಾಕು ಮಗಳೇ, ಉಳಿದದ್ದು ಮಾನ್ಯತೆ ಬರುವಷ್ಟರಲ್ಲಿ ಜೋಡಿಸಿಕೊಳ್ಳಬಹುದು. ಏಳು ರಾತ್ರಿಯ ಪಟ್ಟಿ ಬರೆಯುವಾಗ ಒಂದು ರಾತ್ರಿಗೆ ನನ್ನ ಹೆಸರೂ ಬರೆದುಕೋ.