ಅಡುಗೆ ಕಟ್ಟೆ ಉಬ್ಬಿದರೆ ಸಾಲವೇಕೆ?

ಸಿಂಕಿನ ಪಕ್ಕ ಒಂದೂವರೆ ಅಡಿಯಷ್ಟು ಸನ್‌ಮೈಕ ಉಬ್ಬಿದ್ದಕ್ಕೆ ಹಾಸನದ ಅಂಗಡಿಯೊಂದು ಕೊಟ್ಟ ಅಂದಾಜು 1,20,000 ರೂಪಾಯಿ. ಕಟ್ಟೆಯೊಂದನ್ನೇ ಬದಲಿಸಲು ಬರುವುದಿಲ್ಲ, ಇಡೀ ಮಾಡ್ಯುಲರ್ ಕಿಚನ್ ಹೊಸದು ಮಾಡಿಸಿ ಎಂದರು. ನಾನು ದುಡ್ಡಿನ ಮಾತೆತ್ತುವ ಮೊದಲೇ ಸಾಲದ ಅರ್ಜಿ ಮೇಜಿನ ಮೇಲೆ ಬಂತು. ‘ಬರೀ ಹತ್ತು ಪರ್ಸೆಂಟ್ ಫ್ಲಾಟ್ ಸಾರ್. ತಿಂಗಳಿಗೆ ಆರು ಸಾವಿರ, ಎರಡು ವರ್ಷಕ್ಕೆ ಮುಗೀತು.’

ಸಹಿ ಹಾಕಲಿಲ್ಲ. ಹಾಗಂತ ಅಗ್ಗದ ದಾರಿಯನ್ನೂ ಹಿಡಿಯಲಿಲ್ಲ. ಹಳೆಯದರ ಮೇಲೇ ಹೊಸ ಶೀಟು ಅಂಟಿಸಿದ್ದರೆ 3,500 ರೂಪಾಯಿಯಲ್ಲಿ ಕೆಲಸ ಮುಗಿಯುತ್ತಿತ್ತು. ನಾನು 13,000 ಸುರಿದೆ. ಇಷ್ಟೊಂದು ಯಾಕೆ ಎಂದು ಮನೆಯಲ್ಲೂ ಕೇಳಿದರು. ಕಾರಣವಿದೆ.

ಮೊಸಳೆ ಗ್ರಾಮದ ನಮ್ಮ ಮನೆಗೆ ಬಂದ ಆಚಾರ್ರು ಸಿಂಕು ಎತ್ತಿ, ಉಳಿಯ ತುದಿಯಿಂದ ಹಲಗೆಯ ಅಂಚು ಕೆದಕಿದರು. ಕಂದು ಪುಡಿ ಮುದ್ದೆಮುದ್ದೆಯಾಗಿ ಉದುರಿತು. ‘ನೋಡಿ ಸಾ, ಒಳಗೆಲ್ಲಾ ನೆನೆಸಿದ ಅವಲಕ್ಕಿ ಆಗೋಗದೆ.’ ಸನ್‌ಮೈಕದ ತಪ್ಪೇನೂ ಇರಲಿಲ್ಲ. ಮಿಲಿಮೀಟರ್ ದಪ್ಪದ ಆ ಹಾಳೆ ಮೇಲಿನ ನೀರನ್ನು ಚೆನ್ನಾಗಿಯೇ ತಡೆದಿತ್ತು. ಸಿಂಕಿಗೆಂದು ಕೊರೆದ ತೂತಿನ ಅಂಚನ್ನು ಮುಚ್ಚದೆ ಬಿಟ್ಟಿದ್ದರಿಂದ ಪಾರ್ಟಿಕಲ್ ಬೋರ್ಡ್ ಅಲ್ಲಿಂದ ನೀರು ಕುಡಿದಿತ್ತು. ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡುವ ಈ ಹಲಗೆ ಒಮ್ಮೆ ಉಬ್ಬಿತೆಂದರೆ ಒಣಗಿದ ಮೇಲೂ ಮೊದಲಿನ ಅಳತೆಗೆ ಬರುವುದಿಲ್ಲ. ಅದರ ಮೇಲೆ ಹೊಸ ಶೀಟು ಅಂಟಿಸಿದರೆ 3,500 ರೂಪಾಯಿ ಅಕ್ಷರಶಃ ನೀರುಪಾಲು. ನಿಮ್ಮ ಮನೆಯದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಹಲಗೆ ಗಟ್ಟಿಯಾಗಿದ್ದು, ಬರೀ ಬಿಸಿ ಕುಕ್ಕರ್ ಇಟ್ಟ ಕಲೆಯೋ, ಚಕ್ಕೆ ಎದ್ದದ್ದೋ ಆದರೆ ಶೀಟು ಬದಲಿಸಿದರೆ ಧಾರಾಳವಾಯಿತು.

ಈಗ ಆ ‘ಬರೀ ಹತ್ತು ಪರ್ಸೆಂಟ್’ ವಿಷಯ. 1,20,000ಕ್ಕೆ ವರ್ಷಕ್ಕೆ 12,000ದಂತೆ ಎರಡು ವರ್ಷಕ್ಕೆ 24,000 ಬಡ್ಡಿ. ಒಟ್ಟು 1,44,000, ಭಾಗಿಸು 24, ತಿಂಗಳಿಗೆ 6,000. ಇಲ್ಲಿಯವರೆಗೆ ಲೆಕ್ಕ ಸರಿ. ಆದರೆ ಆ ಆರು ಸಾವಿರದಲ್ಲಿ 5,000 ಅಸಲು ತೀರುತ್ತಾ ಹೋಗುತ್ತದಲ್ಲ? ಒಂದು ವರ್ಷ ಕಟ್ಟಿದ ಮೇಲೆ ನಿಮ್ಮ ತಲೆಯ ಮೇಲೆ ಉಳಿದಿರುವುದು 60,000. ಬಡ್ಡಿ ಮಾತ್ರ 1,20,000ದ ಮೇಲೇ. ಕೊನೆಯ ತಿಂಗಳು ಬಾಕಿ 5,000, ಅದಕ್ಕೂ ಬಡ್ಡಿ 1,000! ಎರಡು ವರ್ಷದ ಸರಾಸರಿ ಬಾಕಿ ತೆಗೆದರೆ 62,500. ಅದಕ್ಕೆ ವರ್ಷಕ್ಕೆ 12,000 ಅಂದರೆ ಶೇ 19. ಬ್ಯಾಂಕಿನವರ ಇಳಿಕೆ ಬಾಕಿ ಸೂತ್ರಕ್ಕೆ ಹಾಕಿದರೂ ಶೇ 18ರ ಮೇಲೆಯೇ ನಿಲ್ಲುತ್ತದೆ. ಶೇ 2 ಪ್ರೊಸೆಸಿಂಗ್ ಫೀ, ಅದರ ಮೇಲಿನ ಜಿಎಸ್‌ಟಿ ಸೇರಿ 2,832 ರೂಪಾಯಿ ಮೊದಲೇ ಮುರಿದುಕೊಂಡರೆ ಶೇ 20 ದಾಟುತ್ತದೆ. ಇದನ್ನು ಹತ್ತು ಎಂದು ಹೇಳಿ ಮಾರುವುದು ನನ್ನ ದೃಷ್ಟಿಯಲ್ಲಿ ಮೋಸ. ‘ನೋ ಕಾಸ್ಟ್ ಇಎಂಐ’ ಎಂಬುದೂ ಇದೇ ಜಾತಿ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿಯಾಗಿದೆ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡುವುದು ಕಡ್ಡಾಯ, ಅದೂ ನಮಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲೇ ಕೇಳಿ. ಅದರಲ್ಲಿ ಎಪಿಆರ್ (ಬಡ್ಡಿ, ಫೀ ಎಲ್ಲ ಸೇರಿದ ವಾರ್ಷಿಕ ದರ) ಎಂದು ಬರೆದಿರುವ ಸಂಖ್ಯೆಯನ್ನು ಮೊದಲು ನೋಡಿ, ಮಿಕ್ಕಿದ್ದು ಆಮೇಲೆ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಆಲೂಗೆಡ್ಡೆ ದುಡ್ಡು ಬೆಳೆ ಕಿತ್ತಾಗ ಒಟ್ಟಿಗೆ ಬರುತ್ತದೆ, ಅಂಗಮಾರಿ ಬಿದ್ದ ವರ್ಷ ಬರುವುದೇ ಇಲ್ಲ. ಕಂತು ಮಾತ್ರ ತಿಂಗಳು ತಿಂಗಳು ಬಾಗಿಲಿಗೆ ಬರುತ್ತದೆ. ಕೊನೆಗೆ ಅದನ್ನು ಕಟ್ಟುವುದು ಡೈರಿ ಬಟವಾಡೆಯ ದುಡ್ಡಲ್ಲಿ, ಅಂದರೆ ಹಿಂಡಿ ಬೂಸಾ ತರಬೇಕಾದ ದುಡ್ಡಲ್ಲಿ. ಪ್ರತಿ ಬಟವಾಡೆಯಲ್ಲಿ ಮುನ್ನೂರೋ ನಾನೂರೋ ಮನೆ ರಿಪೇರಿಗೆಂದೇ ಬೇರೆ ಖಾತೆಗೆ ಹಾಕುವ ಅಭ್ಯಾಸ ನಮ್ಮಲ್ಲಿ ಯಾಕಿಲ್ಲವೋ ಕಾಣೆ. ಗೃಹಪ್ರವೇಶಕ್ಕೆ ಊರಿಗೆಲ್ಲ ಊಟ ಹಾಕುತ್ತೇವೆ, ಸಿಂಕಿನ ಸುತ್ತ ಒಂದು ಟ್ಯೂಬು ಸಿಲಿಕಾನ್ ಹಾಕಿಸುವುದಿಲ್ಲ. ಪಾತ್ರೆ ತೊಳೆದ ಮೇಲೆ ಆ ಅಂಚನ್ನು ಒಣಬಟ್ಟೆಯಲ್ಲಿ ಒರೆಸಲು ಎಷ್ಟು ಹೊತ್ತು ಬೇಕು? ಇದು ಹೆಂಗಸರಷ್ಟೇ ಮಾಡಬೇಕಾದ ಕೆಲಸವೂ ಅಲ್ಲ.

ನನ್ನ 13,000ದ ಲೆಕ್ಕ ಇಷ್ಟು: ಹತ್ತು ಅಡಿ ಉದ್ದ, ಎರಡು ಅಡಿ ಅಗಲದ ಕಪ್ಪು ಗ್ರಾನೈಟ್‌ಗೆ 3,600. ಅದರ ಅಡಿಗೆ ಹಾಸಲು ನೀರು ತಡೆಯುವ, ಐಎಸ್ 710 ಗುರುತಿನ ಒಂದು ಪ್ಲೈವುಡ್ ಶೀಟು, 3,520. ಸಿಂಕಿನ ತೂತು, ಅಂಚಿನ ಪಾಲಿಶ್ 1,800. ಮಿಕ್ಕದ್ದು ಕೂಲಿ, ಸಿಲಿಕಾನ್, ಸಾಗಾಟ. ಕೆಳಗಿನ ಬಾಕ್ಸುಗಳಿಗೆ ನೀರು ತಾಗಿರಲಿಲ್ಲ. ಅವು ಹಳೇ ಸನ್‌ಮೈಕದಲ್ಲೇ ಇವೆ, ಬಾಗಿಲುಗಳೂ ಸರಿಯಾಗಿ ಕೂರುತ್ತವೆ. ಪ್ಲೈವುಡ್ಡಿನಲ್ಲಿ ಉಳಿದ ತುಂಡಿನಿಂದ ಆಚಾರ್ರು ಗ್ಯಾಸ್ ಸಿಲಿಂಡರ್ ಪಕ್ಕಕ್ಕೆ ಒಂದು ಶೆಲ್ಫ್ ಮಾಡಿಕೊಟ್ಟರು.