ಸ್ಟೀಲ್ ಪಾತ್ರೆಗೆ ತುಕ್ಕು ಏಕೆ ಹಿಡಿಯುವುದಿಲ್ಲ?

2021ರ ಆಗಸ್ಟ್‌ನಲ್ಲಿ ನಮ್ಮ ಕೆಂಗೇರಿಗೆ ಮೆಟ್ರೊ ಬಂತು. ಬೆಂಗಳೂರಿನ ಬಿಇಎಂಎಲ್ ಕಾರ್ಖಾನೆ ತಯಾರಿಸಿದ ಮೆಟ್ರೊ ಬೋಗಿಗಳ ಮೈ ಸ್ಟೇನ್‌ಲೆಸ್ ಸ್ಟೀಲಿನದು. ನಮ್ಮ ಮನೆಯ ತಟ್ಟೆ, ಲೋಟಗಳೂ ಅದೇ ಬಗೆಯ ಲೋಹ. ಅದರಲ್ಲಿ ಹೆಚ್ಚಿನ ಪಾಲು ಕಬ್ಬಿಣವೇ. ಆದರೂ ತುಕ್ಕು ಏಕಿಲ್ಲ?

ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ತಗುಲಿದರೆ ತುಕ್ಕು ಹುಟ್ಟುತ್ತದೆ. ತುಕ್ಕು ಸಡಿಲವಾದ ಪುಡಿ. ಅದು ಉದುರಿದಂತೆ ಒಳಗಿನ ಕಬ್ಬಿಣವೂ ಹಾಳಾಗುತ್ತದೆ. ಕರಗಿದ ಕಬ್ಬಿಣಕ್ಕೆ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಬೆರೆಸಿದರೆ ಕಥೆ ಬದಲಾಗುತ್ತದೆ. ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕ್ರೋಮಿಯಂ ಆಕ್ಸೈಡ್ ಆಗುತ್ತದೆ. ಕೆಲವೇ ನ್ಯಾನೊಮೀಟರ್ ದಪ್ಪದ ಈ ಪದರ ಕಣ್ಣಿಗೆ ಕಾಣದು, ಆದರೆ ಬಿಗಿಯಾಗಿ ಅಂಟಿಕೊಂಡು ನೀರು, ಗಾಳಿಯನ್ನು ತಡೆಯುತ್ತದೆ.

ನಮ್ಮಲ್ಲಿ ದಾವತ್‌ಗೆ ಬಿರಿಯಾನಿ ಮಾಡುವ ತಾಮ್ರದ ದೇಗ್‌ಗೆ ಕಲಾಯಿ ಹಾಕಿಸುತ್ತಾರೆ. ಕಲಾಯಿ ಎಂದರೆ ಮೇಲೆ ಹಚ್ಚಿದ ತವರ. ಸವೆದರೆ ಮತ್ತೆ ಹಾಕಿಸಬೇಕು. ಸ್ಟೀಲಿಗೆ ಆ ಖರ್ಚಿಲ್ಲ. ಕ್ರೋಮಿಯಂ ಲೋಹದ ಒಳಗೆಲ್ಲ ಬೆರೆತಿರುವುದರಿಂದ, ಗೀರು ಬಿದ್ದ ಜಾಗದಲ್ಲಿ ಗಾಳಿ ತಗುಲಿದ ಕೂಡಲೇ ಹೊಸ ಪದರ ತಾನಾಗಿ ಮೂಡುತ್ತದೆ.

ಆದರೆ ಉಪ್ಪು ಈ ಪದರದ ಶತ್ರು. ಉಪ್ಪಿನ ಕ್ಲೋರೈಡ್ ಪದರವನ್ನು ಅಲ್ಲಲ್ಲಿ ಒಡೆದು ಸಣ್ಣ ಗುಳಿಗಳನ್ನು ಮಾಡುತ್ತದೆ. ಆದ್ದರಿಂದ ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿ ಬಹಳ ದಿನ ಇಡಬಾರದು.

ಈಗ ನನ್ನ ವಿಷಯವಾದ ವಾಣಿಜ್ಯಕ್ಕೆ ಬರುತ್ತೇನೆ. 304 ದರ್ಜೆಯ ಸ್ಟೀಲಿನಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇರುತ್ತದೆ. ನಿಕಲ್ ದುಬಾರಿ. ಅದಕ್ಕೇ 200 ಸರಣಿಯ ಸ್ಟೀಲಿನಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ. ಬೆಲೆ ಇಳಿಯುತ್ತದೆ, ತುಕ್ಕು ತಡೆಯುವ ಶಕ್ತಿಯೂ ಇಳಿಯುತ್ತದೆ. ನೋಡಲು ಎರಡೂ ಒಂದೇ.

ಆಪಾನ ಮದುವೆಗೆ ಪಾತ್ರೆ ಕೊಳ್ಳಲು ಹೊರಟಾಗ ಅಮ್ಮಿ ಪರ್ಸಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡರು. ಅಂಟದಿದ್ದರೆ ಅಸಲಿ ಎಂಬುದು ಅನೇಕ ಮನೆಗಳ ನಂಬಿಕೆ. ಆದರೆ 200 ಸರಣಿಗೂ ಮ್ಯಾಗ್ನೆಟ್ ಸಾಮಾನ್ಯವಾಗಿ ಅಂಟುವುದಿಲ್ಲ. ನಿಕಲ್ ಇಲ್ಲದ 430 ದರ್ಜೆಗೆ ಅಂಟುತ್ತದೆ, ಆದರೂ ಅದು ನಿಜವಾದ ಸ್ಟೇನ್‌ಲೆಸ್ ಸ್ಟೀಲ್. ಇಂಡಕ್ಷನ್ ಒಲೆಯ ಪಾತ್ರೆಯ ತಳಕ್ಕೆ ಅದನ್ನೇ ಬಳಸುತ್ತಾರೆ.

ಹಾಗಾಗಿ ಮ್ಯಾಗ್ನೆಟ್ ಮನೆಯಲ್ಲೇ ಇರಲಿ. ಅಂಗಡಿಯಲ್ಲಿ ಐಎಸ್‌ಐ ಗುರುತು ಮತ್ತು ಅದರೊಡನೆ ಐಎಸ್ 14756 ಸಂಖ್ಯೆ ಇದೆಯೇ ನೋಡಿ. ದರ್ಜೆ ಯಾವುದೆಂದು ಕೇಳಿ, ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಲೆಕ್ಕದಲ್ಲಿ ಜಾಗವಿಲ್ಲ.