ಮತ್ತೊಮ್ಮೆ ಹೇಳಿ ಎನ್ನಲಾಗದ ಮಾತು

ಪ್ರೀತಿಯ ತಂಗಿಗೆ,

ಸಂಸ್ಥೆಯೊಂದಕ್ಕೆ ವಾಯ್ಸ್ ಮೇಲ್ ವ್ಯವಸ್ಥೆ ಕೂರಿಸುವಾಗ ಅದರ ನೆಟ್‌ವರ್ಕ್ ಯೋಜನೆ ಬರೆಯುವ ಕೆಲಸ ನಿನ್ನಂಥ ಹೊಸಬರ ಪಾಲಿಗೆ ಬರುವುದೇ ಹೆಚ್ಚು. ಹಿರಿಯರು ಅದನ್ನು ಸಣ್ಣ ಕೆಲಸವೆಂದು ತಿಳಿದಿರುವುದೇ ಇದಕ್ಕೆ ಕಾರಣ. ಇಬ್ಬರು ನೇರವಾಗಿ ಮಾತಾಡುವ ಕರೆಗೆ ಒಳ್ಳೆಯ ನೆಟ್‌ವರ್ಕ್ ಬೇಕು, ಒಪ್ಪೋಣ. ಸಂದೇಶವೆಂದರೆ ಒಬ್ಬರು ಈಗ ಹೇಳಿಟ್ಟು ಹೋಗುತ್ತಾರೆ, ಇನ್ನೊಬ್ಬರು ಬಿಡುವಾದಾಗ ಕೇಳುತ್ತಾರೆ, ನಡುವೆ ಸ್ವಲ್ಪ ಹೆಚ್ಚುಕಡಿಮೆಯಾದರೆ ಏನು ಮುಳುಗಿತು ಎಂಬುದು ಅವರ ವಾದ. ಈ ವಾದ ತಪ್ಪು ಎಂದು ನಿನಗೆ ಮನದಟ್ಟು ಮಾಡಿಕೊಡಲು ಈ ಪತ್ರ ಬರೆಯುತ್ತಿದ್ದೇನೆ. ನೇರ ಕರೆಗಿಂತ ಧ್ವನಿ ಸಂದೇಶಕ್ಕೇ ಹೆಚ್ಚು ಎಚ್ಚರದಿಂದ ನೆಟ್‌ವರ್ಕ್ ಯೋಜಿಸಬೇಕು. ಏಕೆಂದರೆ ಅಲ್ಲಿ ಕೆಟ್ಟುಹೋದ ಮಾತನ್ನು ಸರಿಪಡಿಸಿಕೊಳ್ಳಲು ಇನ್ನೊಂದು ಅವಕಾಶ ಸಿಗುವುದಿಲ್ಲ.

ಧ್ವನಿ ಸಾಗುವ ಬಗೆಯನ್ನು ನೋಡಿದರೆ ಇದು ತಾನೇ ತಿಳಿಯುತ್ತದೆ. ಜಿ.711 ಎಂಬ ಕೋಡೆಕ್ (ಧ್ವನಿಯನ್ನು ಅಂಕಿಗಳಾಗಿಸುವ ಕ್ರಮ) ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು, ಒಂದೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುತ್ತದೆ. ಆ ಮಾತು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ, ಸೆಕೆಂಡಿಗೆ 50 ಪ್ಯಾಕೆಟ್‌ಗಳಂತೆ ಹೊರಡುತ್ತದೆ. ಇಮೇಲ್ ಬರುವಾಗ ದಾರಿಯಲ್ಲಿ ಪ್ಯಾಕೆಟ್ ಕಳೆದರೆ ಟಿಸಿಪಿ ಅದನ್ನು ಮತ್ತೆ ತರಿಸಿಕೊಳ್ಳುತ್ತದೆ. ಧ್ವನಿಯನ್ನು ಹೊರುವ ಆರ್‌ಟಿಪಿ ಸಾಗುವುದು, ಹಾಗೆ ಮತ್ತೆ ತರಿಸಿಕೊಳ್ಳದ ಯುಡಿಪಿಯ ಮೇಲೆ. ಅಲ್ಲಿ ಕಳೆದದ್ದು ಕಳೆದೇ ಹೋಯಿತು. ಒಂದು ಪ್ಯಾಕೆಟ್ ಹೋದರೆ ಅಕ್ಕಪಕ್ಕದ ಧ್ವನಿಯಿಂದ ತೇಪೆ ಹಾಕಬಹುದು. ಸಾಲಾಗಿ ನಾಲ್ಕು ಹೋದರೆ 80 ಮಿಲಿಸೆಕೆಂಡಿನ ಮಾತು ಮಾಯ. ಅಷ್ಟು ಸಾಕು, ‘ಮೂರು ಚೀಲ’ ಎಂದದ್ದು ‘ನೂರು ಚೀಲ’ ಎಂದು ಕೇಳಿಸಲು. ಎರಡನ್ನೂ ಬೇರ್ಪಡಿಸುವ ಮೊದಲ ವ್ಯಂಜನ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದು ಅಪರೂಪ. ನೇರ ಕರೆಯಲ್ಲಾದರೆ ಈಚೆಯವರು ‘ಎಷ್ಟಂದ್ರಿ?’ ಎನ್ನುತ್ತಾರೆ, ಆಚೆಯವರು ಇನ್ನೊಮ್ಮೆ ಹೇಳುತ್ತಾರೆ, ಮುಗಿಯಿತು. ಸಂದೇಶದಲ್ಲಿ ಆ ತೂತು ಫೈಲಿನೊಳಗೇ ಅಚ್ಚಾಗಿಬಿಡುತ್ತದೆ. ಹತ್ತು ಸಲ ಕೇಳಿದರೂ ಹತ್ತು ಸಲವೂ ಅದೇ ತೂತು.

ಆದ್ದರಿಂದ ನಿನ್ನ ಯೋಜನೆಯ ಅಳತೆಗೋಲು ಬೇರೆಯಾಗಬೇಕು. ಸಂಭಾಷಣೆಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಒಳ್ಳೆಯದು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಸಂದೇಶ ಹೇಳಿಡುವವರಿಗೆ ವಿಳಂಬ ಅದರ ಎರಡರಷ್ಟಾದರೂ ಗೊತ್ತಾಗುವುದಿಲ್ಲ. ಹಾಗಾಗಿ ಧ್ವನಿ ದಾಖಲಿಸುವ ತುದಿಯಲ್ಲಿ ಪ್ಯಾಕೆಟ್‌ಗಳನ್ನು ಕಾದು ಸಾಲಾಗಿಸುವ ಜಿಟ್ಟರ್ ಬಫರ್ ದೊಡ್ಡದಿರಲಿ. ತಡವಾಗಿ ಬಂದ ಪ್ಯಾಕೆಟ್ಟೂ ಬಿಟ್ಟುಹೋಗದೆ ಒಳಗೆ ಬರಲಿ. ವಿಳಂಬದ ವಿಷಯದಲ್ಲಿ ಸಡಿಲ ಬಿಡು, ನಷ್ಟದ ವಿಷಯದಲ್ಲಿ ಬಿಗಿ ಹಿಡಿ. ಕೋಡೆಕ್ ಆಯ್ಕೆಗೂ ಇದೇ ಮಾತು. ಜಿ.729 ಕೋಡೆಕ್ ಜಿ.711ರ 64 ಕಿಲೋಬಿಟ್ಟನ್ನು 8ಕ್ಕೆ ಇಳಿಸುತ್ತದೆ ಎಂದು ಹಲವರು ಅದಕ್ಕೆ ಮಾರುಹೋಗುತ್ತಾರೆ. ಆದರೆ ಪ್ರತಿ ಪ್ಯಾಕೆಟ್ಟಿಗೂ ಐಪಿ, ಯುಡಿಪಿ, ಆರ್‌ಟಿಪಿ ಸೇರಿ 40 ಬೈಟ್‌ಗಳ ಹೆಡರ್ ಇದ್ದೇ ಇದೆ. ಅದನ್ನು ಕೂಡಿಸಿದರೆ ಜಿ.711 ಸೆಕೆಂಡಿಗೆ 80 ಕಿಲೋಬಿಟ್, ಜಿ.729 ಸೆಕೆಂಡಿಗೆ 24 ಕಿಲೋಬಿಟ್. ಎಂಟು ಪಟ್ಟು ಎಂದುಕೊಂಡ ಉಳಿತಾಯ ಮೂರು ಪಟ್ಟು ಚಿಲ್ಲರೆಗೆ ನಿಂತಿತು. ಡಿಸ್ಕ್ ಉಳಿಯುತ್ತದೆ ಎನ್ನುವವರಿಗೂ ಲೆಕ್ಕ ಹೇಳು: ಜಿ.711ರಲ್ಲಿ ಒಂದು ನಿಮಿಷಕ್ಕೆ 480 ಕಿಲೋಬೈಟ್. ದಿನಕ್ಕೆ ಒಂದೊಂದು ನಿಮಿಷದ 200 ಸಂದೇಶ ಬಂದರೂ 96 ಮೆಗಾಬೈಟ್. 300 ದಿನಕ್ಕೆ 29 ಗಿಗಾಬೈಟ್ ಕೂಡ ಆಗುವುದಿಲ್ಲ. ಮೇಲಾಗಿ, ಮೊಬೈಲಿನಿಂದ ಬಂದ ಮಾತು ಅಷ್ಟರಲ್ಲೇ ಒಮ್ಮೆ ಹಿಂಡಿಸಿಕೊಂಡಿರುತ್ತದೆ. ದಾಖಲಿಸುವಾಗ ಮತ್ತೊಮ್ಮೆ, ಶಾಖೆಗೆ ಕೇಳಿಸುವಾಗ ಮಗದೊಮ್ಮೆ ಹಿಂಡಿದರೆ ಅದರಲ್ಲಿ ಏನು ಉಳಿದೀತು?

ಇನ್ನು ಎಷ್ಟು ಪೋರ್ಟ್, ಅಂದರೆ ಒಮ್ಮೆಗೆ ಒಂದೊಂದು ಕರೆ ಹಿಡಿಯುವ ದಾರಿ, ಬೇಕು ಎಂಬ ಪ್ರಶ್ನೆ. ದಿನದ ಸರಾಸರಿ ತೆಗೆದು ಉತ್ತರ ಕೊಡಬೇಡ. ವರ್ಷದ ಸರಾಸರಿ ಮಳೆ ನೋಡಿ ಯಾರೂ ಮೋರಿ ಕಟ್ಟುವುದಿಲ್ಲ. ಅತಿ ಬಿಡುವಿಲ್ಲದ ಒಂದು ಗಂಟೆಯನ್ನು ಹಿಡಿ. ಆ ಗಂಟೆಯಲ್ಲಿ 180 ಜನ ತಲಾ ಒಂದೂವರೆ ನಿಮಿಷ ಸಂದೇಶ ಬಿಟ್ಟರು, 110 ಸಿಬ್ಬಂದಿ ತಲಾ ಮೂರು ನಿಮಿಷ ಸಂದೇಶ ಕೇಳಿದರು ಎಂದುಕೊ. ಒಂದು ಗಂಟೆಯೊಳಗೆ ಒಟ್ಟು 600 ನಿಮಿಷದ, ಎಂದರೆ 10 ಗಂಟೆಯ ಬಳಕೆ; ದಟ್ಟಣೆಯ ಲೆಕ್ಕದಲ್ಲಿ ಇದು 10 ಅರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎ.ಕೆ. ಅರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ಇಂಥ ಲೆಕ್ಕಕ್ಕೆ ಆಧಾರ. 10 ಅರ್ಲಾಂಗ್‌ಗೆ 10 ಪೋರ್ಟ್ ಸಾಕೆಂದು ಕೂತರೆ ಆ ಸೂತ್ರದ ಪ್ರಕಾರ ಐದರಲ್ಲಿ ಒಂದಕ್ಕಿಂತ ಹೆಚ್ಚು ಕರೆ ತಿರಸ್ಕೃತವಾಗುತ್ತದೆ. ನೂರಕ್ಕೆ ಒಂದಕ್ಕಿಂತ ಹೆಚ್ಚು ಕರೆ ತಪ್ಪಬಾರದು ಎಂದರೆ 18 ಪೋರ್ಟ್ ಬೇಕು, ಜಿ.711ರಲ್ಲಿ ಅದಕ್ಕೆ ಸುಮಾರು 1.44 ಮೆಗಾಬಿಟ್ ಬೇಕು. ಒಂದು ಎಚ್ಚರಿಕೆ: ಕರೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂದು ಈ ಸೂತ್ರ ಎಣಿಸುತ್ತದೆ. ವಿದ್ಯುತ್ ಫೀಡರ್ ಕೆಟ್ಟು ಊರೆಲ್ಲ ಒಟ್ಟಿಗೆ ದೂರು ಹೇಳುವ ದಿನ ಆ ಎಣಿಕೆ ನಿಲ್ಲುವುದಿಲ್ಲ. ನಿನ್ನ ಸಂಸ್ಥೆಗೆ ಅಂಥ ದಿನಗಳು ಇವೆಯೇ ಎಂದು ಗ್ರಾಹಕ ಸೇವಾ ವಿಭಾಗದವರನ್ನು ಕೇಳಿ ತಿಳಿದುಕೊ, ಅಂಥ ದಿನಕ್ಕೆಂದು ಪೋರ್ಟ್ ಸೇರಿಸು.

ಇಷ್ಟು ಹೇಳಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿಯೇ ಕೇಳುತ್ತಾರೆ: ಬ್ಯಾಂಡ್‌ವಿಡ್ತ್ ಈಗ ಅಗ್ಗ, 100 ಮೆಗಾಬಿಟ್ ಲೈನ್ ಹಾಕಿಸಿದರಾಯಿತು, ಒಂದೂವರೆ ಮೆಗಾಬಿಟ್‌ಗೆ ಇಷ್ಟೇಕೆ ತಲೆಬಿಸಿ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಪ್ಯಾಕೆಟ್ ಕಳೆಯುವುದು ಲೈನ್ ದಿನವಿಡೀ ತುಂಬಿರುವುದರಿಂದಲ್ಲ, ಕ್ಷಣಮಾತ್ರ ತುಂಬುವುದರಿಂದ. ಸಂಜೆ ಆರಕ್ಕೆ ಶಾಖೆಯ ಕಂಪ್ಯೂಟರುಗಳೆಲ್ಲ ಬ್ಯಾಕಪ್ ಕಳಿಸಲು ತೊಡಗುತ್ತವೆ. ಅದೇ ಹೊತ್ತಿಗೆ ಕಚೇರಿ ಮುಚ್ಚಿ ಕರೆಗಳು ವಾಯ್ಸ್ ಮೇಲ್‌ಗೆ ತಿರುಗತೊಡಗುತ್ತವೆ. ಟಿಸಿಪಿ ಸಿಕ್ಕಷ್ಟು ಜಾಗ ತುಂಬುವ ಸ್ವಭಾವದ್ದು. ದೊಡ್ಡ ಲೈನ್ ಕೊಟ್ಟರೆ ದೊಡ್ಡದನ್ನೇ ತುಂಬುತ್ತದೆ, ರೌಟರಿನ ಸಾಲಿನಲ್ಲಿ ಧ್ವನಿಯ ಪ್ಯಾಕೆಟ್ ಹಿಂದೆ ಬಿದ್ದು ಉದುರುತ್ತದೆ. ಇದಕ್ಕೆ ಮದ್ದು ಆದ್ಯತೆಯ ಸಾಲು. ಫೋನುಗಳಿಗೆ ವಿಎಲ್‌ಎಎನ್ ಎಂಬ ಪ್ರತ್ಯೇಕ ಒಳಜಾಲ ಕೊಡು, ಧ್ವನಿಗೆ ಆದ್ಯತೆ ಸೂಚಿಸುವ ಡಿಎಸ್‌ಸಿಪಿ 46ರ ಗುರುತು ಹಾಕು, ಆ ಗುರುತನ್ನು ದಾರಿಯ ಪ್ರತಿ ಸ್ವಿಚ್ಚೂ ರೌಟರೂ ಮನ್ನಿಸುತ್ತದೆಯೇ ಎಂದು ಪ್ಯಾಕೆಟ್ ಹಿಡಿದು ನೋಡು. ಸಾರ್ವಜನಿಕ ಇಂಟರ್‌ನೆಟ್ಟಿನಲ್ಲಿ ಆ ಗುರುತಿಗೆ ಬೆಲೆಯಿಲ್ಲ. ಶಾಖೆಗಳ ನಡುವೆ ಎಂಪಿಎಲ್‌ಎಸ್ ಎಂಬ ಖಾಸಗಿ ಸಂಪರ್ಕ ಇದ್ದರೆ ಒದಗಿಸುವವರ ಒಪ್ಪಂದದಲ್ಲೇ ಅದನ್ನು ಬರೆಸು.

ಎರಡನೇ ಆಕ್ಷೇಪ ಕ್ಲೌಡಿನದು. ಸರ್ವರ್ರೇ ನಮ್ಮದಲ್ಲದ ಮೇಲೆ ಯೋಜನೆ ಯಾಕೆ ಎನ್ನುತ್ತಾರೆ. ಕ್ಲೌಡ್ ಸೇವೆಯವರು ಸರ್ವರಿನ ಹೊಣೆ ಹೊತ್ತುಕೊಳ್ಳುತ್ತಾರೆ, ಖಂಡಿತ ಅದೊಂದು ದೊಡ್ಡ ಅನುಕೂಲ. ನಿನ್ನ ಕಚೇರಿಯಿಂದ ಅವರ ಬಾಗಿಲವರೆಗಿನ ದಾರಿ ಮಾತ್ರ ನಿನ್ನದೇ, ಆ ದಾರಿಯಲ್ಲಿ ಫೈರ್‌ವಾಲ್ ಕೂತಿದೆ. ಕರೆ ಜೋಡಿಸುವ ಎಸ್‌ಐಪಿ ಸಂಕೇತ ಒಂದು ನೆಟ್‌ವರ್ಕ್ ಪೋರ್ಟಿನಲ್ಲಿ, ಆರ್‌ಟಿಪಿ ಧ್ವನಿ ಬೇರೆ ಪೋರ್ಟುಗಳಲ್ಲಿ ಸಾಗುತ್ತವೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತಡೆದರೆ ಕರೆ ಸೇರುತ್ತದೆ, ಸಂದೇಶ ಬಂದಿದೆ ಎಂಬ ದೀಪವೂ ಹೊತ್ತುತ್ತದೆ, ತೆರೆದರೆ ಮೂವತ್ತು ಸೆಕೆಂಡು ನಿಶ್ಶಬ್ದ. ಯಾವ ಎಚ್ಚರಿಕೆ ಗಂಟೆಯೂ ಬಾರಿಸದ ದೋಷವಿದು. ಧ್ವನಿಯಲ್ಲದ ಇನ್ನು ಕೆಲವನ್ನೂ ನೆಟ್‌ವರ್ಕೇ ಮುಟ್ಟಿಸಬೇಕು. ಯಾರ ಫೋನಿನಿಂದ ಕರೆ ತಿರುಗಿತು ಎಂಬ ಮಾಹಿತಿ ಕಳೆದರೆ ಕರೆ ಮಾಡಿದವರಿಗೆ ಆ ವ್ಯಕ್ತಿಯ ಸಂದೇಶ ಪೆಟ್ಟಿಗೆಯ ಬದಲು ಸಾಮಾನ್ಯ ಸ್ವಾಗತ ಕೇಳಿಸುತ್ತದೆ. ಸಂದೇಶ ಕೇಳಲೆಂದು ಫೋನಿನಲ್ಲಿ 5 ಒತ್ತಿದರೆ 770 ಮತ್ತು 1336 ಹರ್ಟ್ಜ್‌ನ ಎರಡು ಸ್ವರ ಹೊರಡುತ್ತವೆ. ಮಾತಿಗೆಂದೇ ರೂಪಿಸಿದ ಜಿ.729 ಅವನ್ನು ಕೆಡಿಸಬಲ್ಲದು. ಅದಕ್ಕೇ ಒತ್ತಿದ ಅಂಕಿಯನ್ನು ಧ್ವನಿಯಿಂದ ಬೇರ್ಪಡಿಸಿ ಕಳಿಸುವ ಆರ್‌ಎಫ್‌ಸಿ 4733 ಕ್ರಮ ಎರಡೂ ತುದಿಯಲ್ಲಿರಲಿ. ಸರ್ವರಿನ ಸಮಯವಲಯ ತಪ್ಪಿದರೆ ಬೆಳಿಗ್ಗೆ ಒಂಬತ್ತರ ದೂರಿಗೆ ನಸುಕಿನ ಮೂರೂವರೆಯ ಮುದ್ರೆ ಬೀಳಬಹುದು. ಕೊನೆಗೆ ಕರೆಂಟು. ಶಾಖೆಯ ಸ್ವಿಚ್ ಆರಿದರೆ ಅದರಿಂದಲೇ ವಿದ್ಯುತ್ ಪಡೆಯುವ ಫೋನುಗಳೂ ಆರುತ್ತವೆ, ಕರೆಗಳೆಲ್ಲ ವಾಯ್ಸ್ ಮೇಲ್‌ಗೆ ತಿರುಗುತ್ತವೆ. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಕೆಲಸ ಬೀಳುವ ಹೊತ್ತು ಅದೇ. ಸಂದೇಶದ ಸರ್ವರ್ರೂ ಅದೇ ಸ್ವಿಚ್ಚಿನಲ್ಲಿದ್ದು, ಯುಪಿಎಸ್ ಇಲ್ಲದಿದ್ದರೆ, ಬೇಕಾದಾಗಲೇ ಅದು ಇರುವುದಿಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ: ವಾಟ್ಸ್‌ಆ್ಯಪ್ ಇರುವಾಗ ವಾಯ್ಸ್ ಮೇಲ್ ಯಾರಿಗೆ ಬೇಕು? ದಿನಕ್ಕೆ ಸರಾಸರಿ 700 ಕೋಟಿ ಧ್ವನಿ ಸಂದೇಶಗಳು ಹೋಗುತ್ತವೆ ಎಂದು ವಾಟ್ಸ್‌ಆ್ಯಪ್ 2022ರಲ್ಲಿ ಹೇಳಿಕೊಂಡಿತು. ಬರೆಯುವುದಕ್ಕಿಂತ ಹೇಳುವುದು ಜನಕ್ಕೆ ಸಲೀಸು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಆದರೆ ಅಲ್ಲಿ ಮಾತು ಅಚ್ಚಾಗುವುದು ಹೇಳುವವರ ಫೋನಿನಲ್ಲೇ. ಆಮೇಲೆ ಅದು ಇಡಿಯ ಫೈಲಾಗಿ ಹೋಗುತ್ತದೆ, ಕಳೆದ ತುಂಡು ಮತ್ತೆ ಬರುತ್ತದೆ. ವಾಯ್ಸ್ ಮೇಲ್‌ನಲ್ಲಿ ಮಾತು ಇಡೀ ನೆಟ್‌ವರ್ಕ್ ದಾಟಿ ಬಂದ ಮೇಲೆ ಅಚ್ಚಾಗುತ್ತದೆ. ನಾನು ಹೇಳುತ್ತಿರುವ ಎಚ್ಚರಕ್ಕೆಲ್ಲ ಮೂಲ ಈ ವ್ಯತ್ಯಾಸವೇ. ಸಿಬ್ಬಂದಿ ಮತ್ತು ಖಾಯಂ ಗ್ರಾಹಕರಿಗೆ ವಾಟ್ಸ್‌ಆ್ಯಪ್ ಸಾಕಾಗುವುದಾದರೆ ಅದನ್ನೇ ಬಳಸಲಿ, ಬೇಡವೆನ್ನಬೇಡ. ಆದರೆ ಬೋರ್ಡಿನ ಮೇಲಿನ ನಂಬರಿಗೆ ಬಟನ್ ಫೋನಿನಿಂದ ಕರೆ ಮಾಡುವವರಿಗೆ ಉಳಿದಿರುವ ದಾರಿ ವಾಯ್ಸ್ ಮೇಲ್ ಒಂದೇ. ನೌಕರನ ಸ್ವಂತ ಫೋನಿಗೆ ಬಂದ ದೂರು ಅವನು ಕೆಲಸ ಬಿಟ್ಟಾಗ ಅವನೊಡನೆಯೇ ಹೋಗುತ್ತದೆ. ಸಂಸ್ಥೆಯ ಪೆಟ್ಟಿಗೆಯಲ್ಲಿದ್ದರೆ ಸಂಸ್ಥೆ ಉತ್ತರ ಕೊಡಲೇಬೇಕು. ಆ ಪೆಟ್ಟಿಗೆಯ ಬೀಗವೂ ಭದ್ರವಾಗಿರಲಿ. ಬ್ರಿಟನ್ನಿನ ‘ನ್ಯೂಸ್ ಆಫ್ ದ ವರ್ಲ್ಡ್’ ಪತ್ರಿಕೆ 2011ರಲ್ಲಿ ಬಾಗಿಲು ಮುಚ್ಚಿದ್ದು ಇತರರ ವಾಯ್ಸ್ ಮೇಲ್ ಕದ್ದು ಕೇಳಿದ ಹಗರಣದಿಂದ; ಬದಲಿಸದೆ ಬಿಟ್ಟ ಪಿನ್‌ಗಳೂ ಅಲ್ಲಿ ಕಳ್ಳದಾರಿಯಾಗಿದ್ದವು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಪಡೆದ ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಎನ್ನುತ್ತದೆ. ಸಂದೇಶ ಎಷ್ಟು ದಿನ ಇರಬೇಕೆಂಬುದನ್ನೂ ಯೋಜನೆಯಲ್ಲೇ ಬರೆದಿಡು.

ಉಪಕರಣ ಮಾರುವವರು ಹಸಿರು ದೀಪ ತೋರಿಸಿ ಕೆಲಸ ಮುಗಿಯಿತೆಂದು ನಿನ್ನ ಸಹಿ ಕೇಳುತ್ತಾರೆ. ಆಗ ಈ ಒಂದು ಪರೀಕ್ಷೆ ಮಾಡಿಸು. ಅತಿ ದೂರದ ಶಾಖೆಯಿಂದ, ಬ್ಯಾಕಪ್ ಓಡುತ್ತಿರುವ ಹೊತ್ತಿನಲ್ಲೇ, ಮೊಬೈಲಿನಿಂದ ಒಂದು ಸಲ, ಮೇಜಿನ ಫೋನಿನಿಂದ ಒಂದು ಸಲ, ಇಪ್ಪತ್ತು ಹೆಸರುಗಳನ್ನೂ ಇಪ್ಪತ್ತು ಸಂಖ್ಯೆಗಳನ್ನೂ ಓದಿ ಸಂದೇಶವಾಗಿ ಬಿಡಿಸು. ಮೂರು, ನೂರು, ಆರು ಅದರಲ್ಲಿರಲಿ. ಪಟ್ಟಿಯನ್ನು ನೋಡಿರದ ಒಬ್ಬರು ಅದನ್ನು ಕೇಳಿ ಬರೆಯಲಿ. ಎರಡೂ ಪಟ್ಟಿ ತಾಳೆಯಾಗದಿದ್ದರೆ, ಯಾರು ಎಷ್ಟೇ ಅವಸರಪಡಿಸಿದರೂ ಸಹಿ ಹಾಕಬೇಡ. ಸಂಸ್ಥೆಯನ್ನು ನಂಬಿ ಮಾತು ಬಿಟ್ಟುಹೋದವರ ಪರವಾಗಿ ಆ ಸಭೆಯಲ್ಲಿ ಕೂತಿರುವವಳು ನೀನೊಬ್ಬಳೇ.

ಇತಿ,
ನಿನ್ನ ಏಳಿಗೆ ಬಯಸುವ ಅಣ್ಣ